ಮನಸ್ಸು ಮಾಡೋದು ಅಂದರೇನು?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ. ತುಂಬಾ ಸಂತೋಷ.

ನಾವೆಲ್ಲ ದಿನಾ ಆಡುವ ಮಾತೊಂದಿದೆ: 'ಮನಸ್ಸು ಮಾಡು.' ಓದದ ಹುಡುಗನಿಗೆ, ವಾಕಿಂಗ್ ಹೋಗದ ಯಜಮಾನರಿಗೆ, ಕುಡಿತ ಬಿಡದವರಿಗೆ, ಎಲ್ಲರಿಗೂ ಇದೇ ಬುದ್ಧಿಮಾತು. ನಾನೂ ಹೇಳಿದ್ದೇನೆ, ನಮ್ಮ ಅಪ್ಪನಿಗೆ. ನಿವೃತ್ತಿಯಾದ ಮೇಲೆ ಅಪ್ಪ ಕುರ್ಚಿ ಬಿಟ್ಟು ಏಳುವುದೇ ಕಡಿಮೆಯಾಯಿತು. ಪೇಪರ್ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಮುಟ್ಟುತ್ತಿರಲಿಲ್ಲ. ತೋಟದ ಕಡೆ ತಲೆ ಹಾಕುತ್ತಿರಲಿಲ್ಲ. ಸೋಮಾರಿತನ ಅಂದುಕೊಂಡೆವು, ಹಾಗಂತ ಮುಖದ ಮೇಲೇ ಅಂದೆವು. ಎರಡು ವರ್ಷ ಕಳೆದು ಕೈ ನಡುಗಲು ಶುರುವಾದಾಗಲೇ ಅದು ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾದದ್ದು. ಆ ಎರಡು ವರ್ಷ ಆಡಿದ ಮಾತುಗಳು ನನ್ನನ್ನು ಇವತ್ತಿಗೂ ಚುಚ್ಚುತ್ತವೆ.

ಹಾಗಾಗಿ ಇವತ್ತು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ. ಮನಸ್ಸು ಮಾಡುವುದು ಅಂದರೆ ಮಿದುಳಿನಲ್ಲಿ ಏನು ನಡೆಯುತ್ತೆ?

ಮೊಲದ ಕಥೆಯಿಂದ ಹೊರಡೋಣ. 1957ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಅರ್ವಿದ್ ಕಾರ್ಲ್‌ಸನ್ ಮತ್ತು ಅವರ ಜೊತೆಗಾರರು ಮೊಲಗಳಿಗೆ ರಿಸರ್ಪಿನ್ ಎಂಬ ಔಷಧಿ ಕೊಟ್ಟರು. ಅದು ಸಿಕ್ಕಿದ್ದು ನಮ್ಮ ಸರ್ಪಗಂಧದ ಬೇರಿನಲ್ಲಿ. ಮೊಲಗಳು ಕಿವಿ ಜೋಲು ಬಿಟ್ಟು ಕೂತವು. ಎಚ್ಚರ ಇತ್ತು, ಆದರೆ ಅಲುಗಾಡಲಿಲ್ಲ. ಆಮೇಲೆ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿಗೆ ಕಿವಿ ನೆಟ್ಟಗಾದವು, ಮೊಲಗಳು ಓಡಾಡತೊಡಗಿದವು. ಎಲ್-ಡೋಪಾ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತೆ. ಅಲ್ಲಿಯವರೆಗೆ ಡೋಪಮೈನ್ ಅಂದರೆ ಬೇರೊಂದು ರಾಸಾಯನಿಕ ತಯಾರಾಗುವಾಗ ನಡುವೆ ಬಂದು ಹೋಗುವ ಸರಕು ಅಷ್ಟೇ ಅಂತ ನಂಬಿದ್ದರು. ಅದಕ್ಕೇ ಒಂದು ಸ್ವಂತ ಕೆಲಸ ಇದೆ ಎಂದು ತೋರಿಸಿದ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಆ ಎಲ್-ಡೋಪಾ ನಮ್ಮ ಬೇಲಿಯಲ್ಲೂ ಇದೆ, ಗೊತ್ತಾ? ನಸುಗುನ್ನಿ ಕಾಯಿ! ಮೈಗೆ ತಾಗಿದರೆ ಕೆರೆದು ಕೆರೆದು ಸಾಕಾಗುತ್ತಲ್ಲ, ಅದೇ. ಅದರ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿದ ವಿಷಯವನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಹಾಗಂತ ಮನೆಯಲ್ಲಿ ಬೀಜ ಪುಡಿ ಮಾಡಿ ತಿನ್ನಲು ಹೋಗಬೇಡಿ. ಎಷ್ಟು ಒಳಗೆ ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ಕಡಿಮೆಯಾಗುತ್ತೆ, ಅದಕ್ಕೆ ಕೊಡುವುದೂ ಇದೇ ಎಲ್-ಡೋಪಾ. ಈ ಔಷಧಿಯಲ್ಲಿ ಲೆಕ್ಕವೇ ಮುಖ್ಯ.

ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಮೊಬೈಲ್‌ನಲ್ಲಿ ದಿನಾ ಕೇಳುತ್ತೀರಿ. ಇಲ್ಲಿ ಒಂದು ದೊಡ್ಡ ತಪ್ಪು ನುಸುಳಿದೆ. ಅಮೆರಿಕದ ಮಿಷಿಗನ್‌ನಲ್ಲಿ ಕೆಂಟ್ ಬೆರಿಡ್ಜ್ ಮತ್ತು ಟೆರ್ರಿ ರಾಬಿನ್‌ಸನ್ ಇಲಿಗಳ ಮಿದುಳಿನಿಂದ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಟ್ಟರು. ಆ ಇಲಿಗಳು ಎದುರಿಗೇ ಊಟ ಇದ್ದರೂ ತಿನ್ನುವುದಿಲ್ಲ. ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮಾತ್ರ ಬೇರೆ ಇಲಿಗಳ ಹಾಗೇ ನಾಲಿಗೆ ಚಪ್ಪರಿಸುತ್ತವೆ. ರುಚಿ ಎಲ್ಲೂ ಹೋಗಿಲ್ಲ. 'ಬೇಕು' ಅನ್ನುವುದು ಹೋಗಿದೆ, ಎದ್ದು ಹೋಗಿ ತಿನ್ನುವ ತುಡಿತ ಹೋಗಿದೆ. ನಮ್ಮ ಅಪ್ಪನೂ ಹಾಗೇ ಇದ್ದರು. ತೋಟದ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ. ಮಾವಿನ ಹಣ್ಣು ಹೆಚ್ಚಿ ಕೈಗೆ ಕೊಟ್ಟರೆ ಮುಖ ಅರಳುತ್ತಿತ್ತು. ಎದ್ದು ಹೋಗಿ ತರುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ.

ಇನ್ನು ಕಲಿಕೆಗೆ ಬರೋಣ. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬವರು ಕೋತಿಗಳ ಡೋಪಮೈನ್ ಕೋಶಗಳ ಮಿಡಿತವನ್ನು ದಾಖಲಿಸುತ್ತಿದ್ದರು. ಹೇಳದೆ ಕೇಳದೆ ಜ್ಯೂಸ್ ಸಿಕ್ಕರೆ ಕೋಶಗಳು ಚುರುಕಾಗಿ ಮಿಡಿಯುತ್ತಿದ್ದವು. ದೀಪ ಹತ್ತಿದ ಮೇಲೆ ಜ್ಯೂಸ್ ಬರುತ್ತೆ ಅಂತ ಕೋತಿ ಕಲಿತ ಮೇಲೆ, ದೀಪ ಹತ್ತಿದಾಗಲೇ ಮಿಡಿತ. ಜ್ಯೂಸ್ ಬಂದಾಗ ಏನೂ ಇಲ್ಲ! ದೀಪ ಹತ್ತಿಯೂ ಜ್ಯೂಸ್ ಬಾರದಿದ್ದರೆ, ಸರಿಯಾಗಿ ಅದು ಬರಬೇಕಿದ್ದ ಗಳಿಗೆಯಲ್ಲಿ ಕೋಶಗಳು ಸುಮ್ಮನಾಗುತ್ತಿದ್ದವು. ಅಂದರೆ ಇವು ಲೆಕ್ಕ ಹಾಕುವುದು ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು. ಅಂದುಕೊಂಡದ್ದೇ ಸಿಕ್ಕರೆ ಕಲಿಯುವುದು ಏನೂ ಉಳಿದಿಲ್ಲ, ಅಲ್ವಾ? ಇದನ್ನು ಪೀಟರ್ ಡಯಾನ್, ರೀಡ್ ಮಾಂಟೇಗ್ ಜೊತೆ ಸೇರಿ 1997ರಲ್ಲಿ ಶುಲ್ಟ್ಸ್ ವಿವರಿಸಿದರು. ನನ್ನ ಮಟ್ಟಿಗೆ ಮಿದುಳಿನ ವಿಜ್ಞಾನದಲ್ಲಿ ಇಷ್ಟು ಚೆಂದದ ವಿಷಯ ಇನ್ನೊಂದಿಲ್ಲ.

ಇದರಿಂದ ಮನುಷ್ಯರ ಬಗ್ಗೆಯೂ ಒಂದು ಸಂಗತಿ ತಿಳಿಯಿತು. 2004ರಲ್ಲಿ ಮೈಕೆಲ್ ಫ್ರ್ಯಾಂಕ್ ಮತ್ತು ಅವರ ತಂಡ ಪಾರ್ಕಿನ್ಸನ್ ಇದ್ದವರಿಗೆ ಜಪಾನಿ ಅಕ್ಷರಗಳ ಜೋಡಿ ತೋರಿಸಿ, ಯಾವುದನ್ನು ಆರಿಸಿದರೆ ಜಾಸ್ತಿ ಸಲ ಸರಿಯಾಗುತ್ತೆ ಅಂತ ಕಲಿಯಲು ಬಿಟ್ಟರು. ಡೋಪಮೈನ್ ಹೆಚ್ಚಿಸುವ ಔಷಧಿ ತೆಗೆದುಕೊಂಡಿದ್ದಾಗ ಅವರು ಗೆದ್ದದ್ದರಿಂದ ಚೆನ್ನಾಗಿ ಕಲಿತರು. ಔಷಧಿ ಇಲ್ಲದಾಗ ಸೋತದ್ದರಿಂದ ಚೆನ್ನಾಗಿ ಕಲಿತರು. ಕೆಲವು ಪಾರ್ಕಿನ್ಸನ್ ಔಷಧಿಗಳಿಂದ ಕೆಲವರಿಗೆ ಇಸ್ಪೀಟು, ಜೂಜಿನ ಗೀಳು ಹತ್ತುತ್ತೆ. ಮನೆಯವರು ಇದನ್ನು ತಿಳಿದಿರಲೇಬೇಕು. ಅಂಥದ್ದು ಕಂಡರೆ ಬೈಯಬೇಡಿ, ಡಾಕ್ಟರಿಗೆ ಹೇಳಿ. ನೀವಾಗೇ ಔಷಧಿ ನಿಲ್ಲಿಸಲೂ ಬೇಡಿ.

ಹಿಂದಿನ ಸಾಲಿನಲ್ಲಿ ಕೂತಿರುವ ಪಿಯುಸಿ ಮಕ್ಕಳಿಗಾಗಿ ಹಣೆಯ ಹಿಂದಿನ ಮಿದುಳಿನ ಬಗ್ಗೆ ಎರಡು ಮಾತು. ಮಾಡುತ್ತಿರುವ ಕೆಲಸವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು, ಬೇರೆ ಸೆಳೆತಗಳನ್ನು ತಡೆಯುವ ಜಾಗ ಅದು. ಅಲ್ಲಿ ಡೋಪಮೈನ್ ತೀರಾ ಕಡಿಮೆಯಾದರೂ ಕಷ್ಟ, ತೀರಾ ಜಾಸ್ತಿಯಾದರೂ ಕಷ್ಟ. 1979ರ ಒಂದು ಪ್ರಯೋಗದಲ್ಲಿ, ಅಲ್ಲಿ ಡೋಪಮೈನ್ ಇಲ್ಲದಾದ ಕೋತಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಹಾಕಿದರೆ ಮಾತ್ರ ತಿಂಡಿ ಸಿಗುವ ಆಟದಲ್ಲಿ, ಹಿಂದಿನ ಸಲ ಯಾವ ಕಡೆ ಕೈ ಹಾಕಿದ್ದು ಎಂಬುದನ್ನು ಕೆಲವೇ ಸೆಕೆಂಡಿನಲ್ಲಿ ಮರೆಯುತ್ತಿದ್ದವು. ವಿಪರೀತ ಭಯವಾದಾಗ ಇದಕ್ಕೆ ಉಲ್ಟಾ. ಡೋಪಮೈನ್, ಜೊತೆಗೆ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕ, ಎರಡೂ ಉಕ್ಕಿ ಬಂದು ಆ ಜಾಗದ ಹಿಡಿತ ತಪ್ಪುತ್ತೆ. ಪರೀಕ್ಷೆಯ ಕೋಣೆಯಲ್ಲಿ ಓದಿದ್ದೆಲ್ಲ ಖಾಲಿ ಆದಂತೆ ಅನ್ನಿಸುತ್ತಲ್ಲ, ಅದರ ಹಿಂದೆ ಇದೂ ಇದೆ. ಅಪ್ಪ ಅಮ್ಮಂದಿರೇ, ಪರೀಕ್ಷೆಗೆ ಹೊರಟ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಹೆದರಿಸಬೇಡಿ. ಕೈ ಮುಗಿದು ಕೇಳುತ್ತೇನೆ.

ಕೊನೆಗೆ ಮತ್ತೆ ನಮ್ಮ ಅಪ್ಪನ ವಿಷಯ. ಕಾಯಿಲೆ ಹೆಚ್ಚಾದ ಮೇಲೆ ನಡೆಯುತ್ತಾ ನಡೆಯುತ್ತಾ ಅವರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿತ್ತು. ನೆಲದ ಮೇಲೆ ಅಡ್ಡಗೆರೆ ಹಾಕಿ ನೋಡಿ ಅಂತ ಫಿಸಿಯೋಥೆರಪಿ ಮಾಡುವವರು ಹೇಳಿದರು. ಒಳಗಿನಿಂದ 'ಹೊರಡು' ಅನ್ನುವ ಸೂಚನೆ ಹುಟ್ಟದಿದ್ದರೂ, ಕಣ್ಣಿಗೆ ಕಂಡ ಗೆರೆ ಮಿದುಳಿನ ಬೇರೊಂದು ದಾರಿಯಿಂದ ಕಾಲನ್ನು ಎಬ್ಬಿಸಬಲ್ಲದು. ಅಮ್ಮ ಸೀಮೆಸುಣ್ಣ ತಂದು, ನಡುಮನೆಯಿಂದ ಜಗಲಿಯವರೆಗೆ ಹೆಜ್ಜೆಗೊಂದರಂತೆ ಗೆರೆ ಎಳೆದರು. ಅಪ್ಪ ಮೊದಲ ಗೆರೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕಾಲೆತ್ತಿ ದಾಟಿದರು. ಒಂದೊಂದೇ ಗೆರೆ ದಾಟಿ ಜಗಲಿಗೆ ಬಂದು ಕೂತು, ತೋಟದ ಕಡೆ ನೋಡಿದರು.