ನ್ಯೂ ಕಿಂಗ್ ಸ್ಟ್ರೀಟ್‌ನ 19ನೇ ನಂಬರ್ ಮನೆ

ಇಂಗ್ಲೆಂಡಿನ ಬಾತ್ ಊರಿಗೆ ಬಂದವರೆಲ್ಲ ಮೊದಲು ಓಡಿ ಬರುವುದು ಇಲ್ಲಿಗೇ. ರಾಯಲ್ ಕ್ರೆಸೆಂಟ್. ಅರ್ಧಚಂದ್ರದ ಹಾಗೆ ಬಾಗಿದ 30 ಮನೆಗಳ ಸಾಲು, ಮುಂದೆ 114 ಕಂಬಗಳು. 1767ರಲ್ಲಿ ಕೆಲಸ ಶುರುವಾಯಿತು, ವಿನ್ಯಾಸ ಕಿರಿಯ ಜಾನ್ ವುಡ್ ಅವರದು. ಒಂದು ಗುಟ್ಟು ಹೇಳಲಾ? ಇಲ್ಲಿ ಎಲ್ಲರೂ ಒಪ್ಪಿಕೊಳ್ಳಬೇಕಿದ್ದದ್ದು ಮುಂಭಾಗವನ್ನು ಮಾತ್ರ. ಅದರ ಹಿಂದೆ ಮನೆಯನ್ನು ಅವರವರ ಇಷ್ಟದಂತೆ ಕಟ್ಟಿಸಿಕೊಂಡರು. ಹಿಂದಿನ ರಸ್ತೆಗೆ ಹೋಗಿ ನೋಡಿ, ಒಂದರಂತೆ ಇನ್ನೊಂದಿಲ್ಲ.

ಆದರೆ ನಾನು ಇವತ್ತು ತೋರಿಸಬೇಕು ಅಂದುಕೊಂಡಿದ್ದು ಇದಲ್ಲ. ಕೆಳಗಿಳಿದು ನ್ಯೂ ಕಿಂಗ್ ಸ್ಟ್ರೀಟ್‌ನ 19ನೇ ನಂಬರ್ ಮನೆಗೆ ಬನ್ನಿ.

ಇದೂ ಜಾರ್ಜಿಯನ್ ಸಾಲುಮನೆಯೇ. ಅಂದರೆ ಜಾರ್ಜ್ ಹೆಸರಿನ ನಾಲ್ವರು ರಾಜರು ಒಬ್ಬರಾದ ಮೇಲೆ ಒಬ್ಬರು ಆಳಿದ ಕಾಲದ್ದು, 1714ರಿಂದ 1830ರವರೆಗೆ. ಅದೇ ಜೇನು ಬಣ್ಣದ ಬಾತ್ ಕಲ್ಲು. ಆದರೆ ಕಂಬ ಇಲ್ಲ, ಆಡಂಬರ ಇಲ್ಲ. ಅಗಲ ಕಡಿಮೆ, ಎತ್ತರ ಜಾಸ್ತಿ. ಮಹಡಿಗೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಪಕ್ಕದಲ್ಲಿ ಮೆಟ್ಟಿಲು. ಇಲ್ಲಿದ್ದವರಿಗೆ ದಿನವಿಡೀ ಹತ್ತಿ ಇಳಿಯುವುದೇ ಕೆಲಸ ಆಗಿರಬೇಕು, ಅಲ್ವಾ?

ಕಿಟಕಿ ನೋಡಿ. ಇವು ಬಾಗಿಲಿನ ಹಾಗೆ ತೆರೆಯುವುದಿಲ್ಲ, ಮೇಲಕ್ಕೂ ಕೆಳಕ್ಕೂ ಸರಿಯುತ್ತವೆ. ಇಂಥ ಕಿಟಕಿಗಳಲ್ಲಿ ಚೌಕಟ್ಟಿನೊಳಗೆ ಹಗ್ಗಕ್ಕೆ ಭಾರ ಕಟ್ಟಿರುತ್ತಾರೆ. ಹಾಗಾಗಿ ಎತ್ತಿದಲ್ಲೇ ನಿಲ್ಲುತ್ತದೆ, ಧಡಾರ್ ಅಂತ ಬೀಳುವುದಿಲ್ಲ.

ಮೇಲಿನ ಸಂಗೀತದ ಕೋಣೆ ಚೆನ್ನಾಗಿದೆ, ಆದರೆ ಬೇಗ ದಾಟಿಬಿಡೋಣ. ನನ್ನ ಮನಸ್ಸೆಲ್ಲ ಕೆಳಗಿದೆ. ಅಂಥ ಮನೆಗಳಲ್ಲಿ ಅಂದಚಂದವೆಲ್ಲ ಅತಿಥಿಗಳ ಕಣ್ಣಿಗೆ ಬೀಳುವ ಕಡೆ, ದುಡಿಮೆಯೆಲ್ಲ ನೆಲಮಾಳಿಗೆಯಲ್ಲಿ. ಇಲ್ಲಿಯೂ ಅಡುಗೆಮನೆ ಕೆಳಗೇ ಇದೆ. ಅದರ ಪಕ್ಕದಲ್ಲೇ ಒಂದು ಕಾರ್ಖಾನೆ!

ಈ ಮನೆಯಲ್ಲಿದ್ದವರು ವಿಲಿಯಂ ಹರ್ಷೆಲ್ ಮತ್ತು ಅವರ ತಂಗಿ ಕ್ಯಾರೊಲಿನ್. ಅಣ್ಣನಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಪಾಠ ಹೇಳುವುದು ಹೊಟ್ಟೆಪಾಡು. ಹುಚ್ಚು ಮಾತ್ರ ದೂರದರ್ಶಕದ್ದು. ಅದಕ್ಕೆ ಬೇಕಾದ ಲೋಹದ ಕನ್ನಡಿಗಳನ್ನು ತಾವೇ ಎರಕ ಹೊಯ್ದು ಉಜ್ಜುತ್ತಿದ್ದರು. ಉಜ್ಜುವಾಗ ಕೈ ತೆಗೆಯುವಂತಿಲ್ಲ. ಒಮ್ಮೆ 16 ಗಂಟೆ ಬಿಡದೆ ಉಜ್ಜಿದರಂತೆ, ಕ್ಯಾರೊಲಿನ್ ತುತ್ತು ತುತ್ತಾಗಿ ಬಾಯಿಗಿಟ್ಟರಂತೆ.

ಈಗ ಕ್ಯಾಮೆರಾ ನೆಲಕ್ಕೆ. ಈ ಚಪ್ಪಡಿ ಕಲ್ಲುಗಳಲ್ಲಿ ಬಿರುಕು ಕಾಣುತ್ತಿದೆಯಾ? 1781ರ ಆಗಸ್ಟ್‌ನಲ್ಲಿ ಭಾರಿ ಕನ್ನಡಿಯೊಂದಕ್ಕೆ ಇಲ್ಲಿ ತಾಮ್ರ, ತವರ ಕರಗಿಸಿದ್ದರು. ಅಚ್ಚು ಮಾಡಲು ಮಣ್ಣಿನ ಜೊತೆ ಕುದುರೆ ಲದ್ದಿ ಬೇಕು. ಅದನ್ನು ಕುಟ್ಟಿ, ಜರಡಿ ಹಿಡಿದವರಲ್ಲಿ ಕ್ಯಾರೊಲಿನ್ ಕೂಡ ಒಬ್ಬರು. ಕುಲುಮೆ ಒಡೆದು ಕಾದ ಲೋಹ ನೆಲಕ್ಕೆ ಹರಿಯಿತು. ಕಲ್ಲುಗಳು ಸಿಡಿದು ಸೂರಿನವರೆಗೂ ಹಾರಿದವು. ಎಲ್ಲರೂ ಎದ್ದೆವೋ ಬಿದ್ದೆವೋ ಅಂತ ಹೊರಗೆ ಓಡಿದರು. ಆ ಕನ್ನಡಿ ಕೊನೆಗೂ ಆಗಲೇ ಇಲ್ಲ. ನೆಲ ಬದಲಿಸದೆ ಹಾಗೇ ಉಳಿಸಿಕೊಂಡಿದ್ದಾರಲ್ಲ, ಅದಕ್ಕೇ ಈ ಮನೆ ನನಗೆ ಕ್ರೆಸೆಂಟ್‌ಗಿಂತ ಇಷ್ಟ.

ಇನ್ನು ಹಿತ್ತಲು. ಆ ಅವಾಂತರಕ್ಕೆ ಐದು ತಿಂಗಳ ಮೊದಲು, ಮಾರ್ಚ್ 13ರ ರಾತ್ರಿ, ಇಲ್ಲೇ ನಿಂತು ಹರ್ಷೆಲ್ ಹೊಸ ಗ್ರಹವೊಂದನ್ನು ಕಂಡರು. ಯುರೇನಸ್. ಮೊದಲು ಅದು ಧೂಮಕೇತು ಅಂದುಕೊಂಡಿದ್ದರು. ಆಮೇಲೆ ಅದಕ್ಕೆ ಆಗಿನ ರಾಜ ಮೂರನೇ ಜಾರ್ಜ್‌ನ ಹೆಸರಿಡಲು ಹೊರಟರು. ಹೆಸರು ನಿಲ್ಲಲಿಲ್ಲ, ಆದರೆ ರಾಜ ವರ್ಷಕ್ಕೆ 200 ಪೌಂಡ್ ಕೊಡಲು ಒಪ್ಪಿದ. 1782ರಲ್ಲಿ ಅಣ್ಣ ತಂಗಿ ಊರು ಬಿಟ್ಟರು.

ಲದ್ದಿ ಕುಟ್ಟಿದ ತಂಗಿ? 1786ರಲ್ಲಿ ತಾವೇ ಒಂದು ಧೂಮಕೇತು ಕಂಡುಹಿಡಿದರು. ಮರುವರ್ಷ ಅವರಿಗೂ ರಾಜನ ಸಂಬಳ ನಿಗದಿಯಾಯಿತು, ವರ್ಷಕ್ಕೆ 50 ಪೌಂಡ್.