ಬಿಸ್ಮಾರ್ಕ್ ತಂದ ವಿಮೆ: ಹಣ ಯಾರದು, ಅಧಿಕಾರ ಯಾರದು

ಕೇಳುಗರಿಗೆ ನಮಸ್ಕಾರ.

1883ರ ಜೂನ್ 15ರಂದು ಜರ್ಮನಿಯಲ್ಲಿ ಕಾರ್ಮಿಕರ ಕಾಯಿಲೆ ವಿಮೆಯ ಕಾಯ್ದೆ ಬಂತು. ದೇಶಕ್ಕೆ ದೇಶವೇ ಒಳಪಡುವಂಥ ಕಡ್ಡಾಯ ಕಾರ್ಮಿಕ ವಿಮೆ ಜಗತ್ತಿನಲ್ಲಿ ಅದೇ ಮೊದಲು. ತಂದವರು ಸಮಾಜವಾದಿಗಳಲ್ಲ. ಸಮಾಜವಾದಿಗಳ ಸಭೆ, ಸಂಘ, ಪತ್ರಿಕೆಗಳನ್ನೆಲ್ಲ 1878ರ ಅಕ್ಟೋಬರಿನಲ್ಲಿ ನಿಷೇಧಿಸಿದ್ದ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಟೊ ಫಾನ್ ಬಿಸ್ಮಾರ್ಕ್ ಅದನ್ನು ತಂದರು. ಜಮೀನ್ದಾರ ಮನೆತನದವರು, ರಾಜಪ್ರಭುತ್ವದ ಕಟ್ಟಾ ಬೆಂಬಲಿಗರು. ಸಂಪ್ರದಾಯವಾದಿ ರಾಜಕಾರಣ ಬದಲಾದ ಸಮಾಜಕ್ಕೆ ಹೊಂದಿಕೊಂಡ ಬಗೆಯನ್ನು ಅರಿಯಲು ಆ ಕಾಯ್ದೆಗಳ ಒಳಗಿನ ಲೆಕ್ಕವನ್ನೇ ನೋಡಬೇಕು.

ಆಳುಮಗ ಕಾಯಿಲೆ ಬಿದ್ದರೆ ಒಡೆಯ ನೋಡಿಕೊಳ್ಳಬೇಕು ಎಂಬ ಭಾವನೆ ಜರ್ಮನಿಯ ದೊಡ್ಡ ರಾಜ್ಯವಾದ ಪ್ರಷ್ಯಾದಲ್ಲಿ ಹಳೆಯದು. ತಮ್ಮನ್ನು ತಾವು ಸಾಕಿಕೊಳ್ಳಲಾರದವರ ಹೊಣೆ ರಾಜ್ಯದ್ದು ಎಂದು 1794ರ ಪ್ರಷ್ಯನ್ ಕಾನೂನು ಸಂಹಿತೆಯೇ ಹೇಳಿತ್ತು. ಗಣಿ ಕಾರ್ಮಿಕರಿಗೆ ಕಾಯಿಲೆ ನಿಧಿಗಳಿದ್ದವು. ಆದರೆ ಹಳ್ಳಿ ಬಿಟ್ಟು ಎಸ್ಸೆನ್, ಬರ್ಲಿನ್‌ಗಳ ಕಾರ್ಖಾನೆ ಸೇರಿದವನಿಗೆ ಒಡೆಯನೂ ಇಲ್ಲ, ಊರೂ ಇಲ್ಲ. ಯಂತ್ರಕ್ಕೆ ಸಿಕ್ಕಿ ಕೈ ಹೋದರೆ, 1871ರ ಕಾಯ್ದೆಯ ಪ್ರಕಾರ ಮಾಲೀಕನ ಕಡೆಯವರ ತಪ್ಪೇ ಕಾರಣವೆಂದು ಅವನೇ ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ಸಾಕ್ಷಿ ಹೇಳಬೇಕಾದವರು ಅದೇ ಮಾಲೀಕನ ಕೈಕೆಳಗಿನವರು. ಹೀಗಾಗಿ ಬಹಳಷ್ಟು ಮಂದಿಗೆ ಪರಿಹಾರ ಕೈಗೆ ಬರುತ್ತಲೇ ಇರಲಿಲ್ಲ.

ಬಿಸ್ಮಾರ್ಕ್ ಆಲೋಚನೆ ನೇರವಾಗಿತ್ತು. ಮುಪ್ಪಿಗೆ ಪಿಂಚಣಿ ಖಚಿತವಾದವನು ರಾಜ್ಯವನ್ನು ಕೆಡವಲು ಹೊರಡುವುದಿಲ್ಲ. ಅದಕ್ಕೇ ಹಣ ರಾಜ್ಯದ ಬೊಕ್ಕಸದಿಂದಲೇ ಬರಲಿ, ಕಡಿಮೆ ಸಂಬಳದವನಿಂದ ಏನೂ ವಸೂಲಾಗದಿರಲಿ ಎಂಬುದು ಅವರ ಹಟ. ಕೊಟ್ಟವರು ಯಾರು ಎಂಬುದು ಪಡೆದವನಿಗೆ ಗೊತ್ತಿರಬೇಕು ತಾನೆ? 1881ರಲ್ಲಿ ಮೊದಲ ಅಪಘಾತ ವಿಮೆ ಮಸೂದೆ ಬಂದಾಗ ಸಂಸತ್ತು, ಅಂದರೆ ರೈಕ್‌ಸ್ಟಾಗ್, ಸರ್ಕಾರಿ ಸಹಾಯಧನದ ಭಾಗವನ್ನೇ ತೆಗೆದುಹಾಕಿತು. ಮಸೂದೆ ಅಲ್ಲಿಗೇ ನಿಂತಿತು. ತಂಬಾಕಿನ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತಂದು ಹಣ ಹೊಂದಿಸುವ ಯತ್ನವೂ 1882ರಲ್ಲಿ ಸೋತಿತು. ಉದಾರವಾದಿಗಳಿಗೆ ರಾಜ್ಯ ಹೀಗೆ ಬೆಳೆಯುವುದು ಬೇಡವಾಗಿತ್ತು. ಕ್ಯಾಥೊಲಿಕರ ಸೆಂಟರ್ ಪಕ್ಷಕ್ಕೆ ಬರ್ಲಿನ್ನಿನ ಹಿಡಿತ ಬಿಗಿಯಾಗುವ ಭಯ. ಕಡೆಗೆ ಕಾರ್ಮಿಕನಿಂದಲೂ ವಂತಿಗೆ ಪಡೆಯದೆ ದಾರಿ ಉಳಿಯಲಿಲ್ಲ. ಬಿಸ್ಮಾರ್ಕ್ ಸೋತ ಈ ಒಂದು ವಿಷಯವೇ ಮುಂದಿನದನ್ನೆಲ್ಲ ತೀರ್ಮಾನಿಸಿತು ಎಂದು ನನ್ನ ಅಭಿಪ್ರಾಯ.

ಕಾಯಿಲೆ ವಿಮೆಯಲ್ಲಿ ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಕಾಯಿಲೆ ಬಿದ್ದರೆ ವೈದ್ಯರು, ಔಷಧಿ ಉಚಿತ. ಮೂರನೆಯ ದಿನದಿಂದ ಅರ್ಧ ಕೂಲಿ, ಹೆಚ್ಚೆಂದರೆ 13 ವಾರ. ಸತ್ತರೆ ಶವಸಂಸ್ಕಾರಕ್ಕೆ ದಿನಗೂಲಿಯ 20 ಪಟ್ಟು. ಇನ್ನೊಂದು ಅಂಶವನ್ನು ಒತ್ತಿ ಹೇಳಬೇಕು. ಆಗ ಬಡವರ ನಿಧಿಯಿಂದ ನೆರವು ಪಡೆಯುವವನಿಗೆ ರೈಕ್‌ಸ್ಟಾಗ್ ಚುನಾವಣೆಯಲ್ಲಿ ಮತವಿರಲಿಲ್ಲ. ವಿಮೆಯ ಹಣ ಅಂಥ ನೆರವಲ್ಲ ಎಂದು ಕಾಯ್ದೆ ಬರೆದಿಟ್ಟಿತು. ಹಾಸಿಗೆ ಹಿಡಿದವನ ಮತದ ಹಕ್ಕು ಉಳಿಯಿತು.

ವಂತಿಗೆ ಹೇಗೋ ಆಡಳಿತವೂ ಹಾಗೆ. ಕಾಯಿಲೆ ವಿಮೆಯನ್ನು ನಡೆಸುವ ಸ್ಥಳೀಯ ನಿಧಿಗಳ ಮಂಡಳಿಯಲ್ಲಿ ಮೂರರಲ್ಲಿ ಎರಡು ಸ್ಥಾನ ಕಾರ್ಮಿಕರ ಪ್ರತಿನಿಧಿಗಳಿಗೆ ಸಿಕ್ಕಿತು. ಸಮಾಜವಾದಿಗಳು ಮೊದಮೊದಲು ದೂರ ಉಳಿದು ತಮ್ಮದೇ ಸಹಾಯ ನಿಧಿಗಳನ್ನು ನೆಚ್ಚಿಕೊಂಡಿದ್ದರು. 1892ರ ತಿದ್ದುಪಡಿ ಆ ನಿಧಿಗಳಿಗೆ ಅನನುಕೂಲವಾದಾಗ ಸ್ಥಳೀಯ ನಿಧಿಗಳತ್ತ ಬಂದರು. ಲೆಕ್ಕ ಬರೆಯುವುದು, ವೈದ್ಯರೊಡನೆ ಕರಾರು ಮಾಡಿಕೊಳ್ಳುವುದು, ಚುನಾವಣೆ ನಡೆಸುವುದು ಎಲ್ಲವನ್ನೂ ಅಲ್ಲಿ ಕಲಿತರು. ಪಕ್ಷವನ್ನು ಕುಗ್ಗಿಸಲು ಕಟ್ಟಿದ ಸಂಸ್ಥೆ ಅದೇ ಪಕ್ಷದವರಿಗೆ ಆಡಳಿತದ ಪಾಠಶಾಲೆಯಾಯಿತು.

1884ರ ಅಪಘಾತ ವಿಮೆಯದು ಬೇರೆ ಕಥೆ. ಅಲ್ಲಿ ಪೂರ್ತಿ ಹಣ ಮಾಲೀಕರದು, ಆದ್ದರಿಂದ ಪೂರ್ತಿ ಆಡಳಿತವೂ ಅವರದೇ. ಒಂದೊಂದು ಉದ್ಯಮದ ಮಾಲೀಕರು ಸೇರಿ ಒಂದೊಂದು ಸಂಘ; ಅಪಾಯ ಹೆಚ್ಚಿರುವ ಕೆಲಸಕ್ಕೆ ಹೆಚ್ಚು ವಂತಿಗೆ. ಪಿಂಚಣಿಯನ್ನು ಅಂಚೆ ಕಚೇರಿ ಮೊದಲು ಕೊಟ್ಟು, ವರ್ಷದ ಕೊನೆಗೆ ಸಂಘದಿಂದ ವಸೂಲು ಮಾಡುತ್ತಿತ್ತು. ಕಾರ್ಮಿಕ ಇನ್ನು ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ. ದುಡಿಯುವ ಶಕ್ತಿ ಪೂರ್ತಿ ಹೋದರೆ ಸಂಬಳದ ಮೂರರಲ್ಲಿ ಎರಡು ಪಾಲು ಪಿಂಚಣಿ. ಬದಲಿಗೆ, ಉದ್ದೇಶಪೂರ್ವಕ ಕೃತ್ಯವನ್ನು ಬಿಟ್ಟರೆ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕು ಹೋಯಿತು. ಕಾರ್ಮಿಕರಿಗೆ ಸಮಪಾಲು ದೊರೆತದ್ದು ವ್ಯಾಜ್ಯ ತೀರಿಸುವ ಪಂಚಾಯಿತಿಯಲ್ಲಿ.

ಈ ಕಾಯ್ದೆಯಲ್ಲೊಂದು ಸಿಕ್ಕು ಇದೆ. ಅಪಘಾತ ವಿಮೆ ಹಣ ಕೊಡುವುದು 14ನೆಯ ವಾರದಿಂದ. ಮೊದಲ 13 ವಾರದ ಭಾರ ಕಾಯಿಲೆ ನಿಧಿಯದು, ಅಂದರೆ ಬಹುಪಾಲು ಕಾರ್ಮಿಕರದೇ ವಂತಿಗೆಯದು. ಐದನೆಯ ವಾರದಿಂದ ಮಾಲೀಕ ಸ್ವಲ್ಪ ಸೇರಿಸಬೇಕಿತ್ತು, ನಿಜ. ಆದರೆ ಹೆಚ್ಚಿನ ಗಾಯಗಳು 13 ವಾರದೊಳಗೇ ಮಾಯುತ್ತವೆ. ಹಾಗಾಗಿ ಮಾಲೀಕರೇ ಪೂರ್ತಿ ಭರಿಸುತ್ತಾರೆಂಬ ವಿಮೆಯಲ್ಲಿ ಸಣ್ಣಪುಟ್ಟ ಅಪಘಾತಗಳ ಖರ್ಚು ಹೆಚ್ಚಾಗಿ ಕಾರ್ಮಿಕರ ಮೇಲೇ ಬಿತ್ತು.

1889ರ ಮುಪ್ಪಿನ ಮತ್ತು ಅಶಕ್ತತೆಯ ವಿಮೆ 1891ರ ಜನವರಿ 1ರಿಂದ ಜಾರಿಗೆ ಬಂತು. ವಂತಿಗೆ ಅರ್ಧ ಅರ್ಧ, ಜೊತೆಗೆ ಪ್ರತಿ ಪಿಂಚಣಿಗೆ ವರ್ಷಕ್ಕೆ 50 ಮಾರ್ಕ್ ಸರ್ಕಾರದ್ದು. ಬಿಸ್ಮಾರ್ಕ್ ಬಯಸಿದ್ದ ಸರ್ಕಾರಿ ಹಣ ನೆಲೆಯಾಗಿ ನಿಂತದ್ದು ಇಲ್ಲಿ ಮಾತ್ರ. ವಂತಿಗೆ ತುಂಬಿದ ಗುರುತಾಗಿ ಮಾಲೀಕ ವಾರಕ್ಕೊಂದು ಚೀಟಿಯನ್ನು ಕಾರ್ಮಿಕನ ಕಾರ್ಡಿಗೆ ಅಂಟಿಸಬೇಕು. ಸಂಬಳಕ್ಕೆ ತಕ್ಕಂತೆ ನಾಲ್ಕು ದರ್ಜೆ, ಚೀಟಿಯ ಬೆಲೆ 14ರಿಂದ 30 ಫೆನಿಗ್ (ನೂರು ಫೆನಿಗ್‌ಗೆ ಒಂದು ಮಾರ್ಕ್). 47 ವಾರ ಸೇರಿದರೆ ಒಂದು ವರ್ಷದ ಲೆಕ್ಕ. ಅಂಥ 30 ವರ್ಷ, ಅಂದರೆ 1,410 ಚೀಟಿ ತುಂಬಿ, 70 ವಯಸ್ಸೂ ಆಗಿರಬೇಕು. ಆಗ ಕೆಳದರ್ಜೆಯವನಿಗೆ ವರ್ಷಕ್ಕೆ 106 ಮಾರ್ಕ್ 40 ಫೆನಿಗ್, ಮೇಲುದರ್ಜೆಯವನಿಗೆ 191 ಮಾರ್ಕ್. ಕೆಳದರ್ಜೆ ಎಂದರೆ ವರ್ಷಕ್ಕೆ 350 ಮಾರ್ಕ್ ಮೀರದ ಗಳಿಕೆಯವರು. ಆ 350 ಮಾರ್ಕ್‌ಗೆ ಹೋಲಿಸಿದರೆ ಇದು ಮೂರನೆಯ ಒಂದು ಪಾಲಿಗಿಂತ ಕಡಿಮೆ. 70 ತುಂಬುವವರೆಗೆ ಬದುಕುವ ಕೂಲಿಕಾರರು ವಿರಳ. ಜನರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಐದು ವರ್ಷದ ವಂತಿಗೆಗೇ ಸಿಗುತ್ತಿದ್ದ ಅಶಕ್ತತೆಯ ಪಿಂಚಣಿ. ಹಂಗಾಮಿನಲ್ಲಷ್ಟೇ ಕೆಲಸ ಸಿಗುವವರಿಗೆ 47 ವಾರ ತುಂಬಿಸುವುದೇ ಕಷ್ಟ. ಕೆಲಸಗಾರನ ನಡತೆಯ ಬಗ್ಗೆ ಮಾಲೀಕ ಆ ಕಾರ್ಡಿನಲ್ಲಿ ಏನನ್ನೂ ಬರೆಯಕೂಡದು ಎಂದು ಕಾಯ್ದೆ ತಡೆದದ್ದು ಒಳ್ಳೆಯ ಕೆಲಸ.

ಇಷ್ಟೆಲ್ಲ ಕೊಟ್ಟವರು ಕೊಡದೆ ಉಳಿಸಿಕೊಂಡದ್ದೇನು? ಕೆಲಸದ ಗಂಟೆಗಳ ಮಿತಿ, ಭಾನುವಾರದ ರಜೆ, ಬಿಗಿಯಾದ ಕಾರ್ಖಾನೆ ತಪಾಸಣೆ. ಇವನ್ನು ಬಿಸ್ಮಾರ್ಕ್ ಕಡೆಯವರೆಗೂ ತಡೆದರು. ಕೈ ಮುರಿದ ಮೇಲೆ ಹಣ ಕೊಡಬಹುದು. ಕೈ ಮುರಿಯದಂತೆ ಕಾಯಲು ಸರ್ಕಾರಿ ಅಧಿಕಾರಿ ಕಾರ್ಖಾನೆಯೊಳಗೆ ಬಂದರೆ ಮಾಲೀಕನ ಅಧಿಕಾರಕ್ಕೆ ಕುಂದು ಎಂಬುದು ಅವರ ನಿಲುವು. ತಪಾಸಣೆಯೂ ಬೇಕೆಂದು ವಾದಿಸಿದ ಅವರದೇ ಅಧಿಕಾರಿ ತಿಯೊಡೊರ್ ಲೋಮನ್ 1883ರಲ್ಲಿ ದೂರವಾದರು. ಬಿಸ್ಮಾರ್ಕ್ ಅಧಿಕಾರ ಕಳೆದುಕೊಂಡ ಮರುವರ್ಷ, 1891ರಲ್ಲಿ, ಭಾನುವಾರದ ರಜೆ, ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ, 13 ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ನಿಯಮ ಬಂದವು.

ರಾಜಕೀಯ ಲೆಕ್ಕವೂ ತಪ್ಪಿತು. ಸಮಾಜವಾದಿಗಳ ಮತ 1881ರಲ್ಲಿ ಶೇಕಡಾ 6ರಷ್ಟಿದ್ದದ್ದು 1890ರಲ್ಲಿ ಸುಮಾರು 20ಕ್ಕೇರಿತು. ಮೂರು ವಿಮೆಗಳೂ ಕಾಯ್ದೆಯಾಗಿದ್ದವು, ನಿಷೇಧವೂ ಜಾರಿಯಲ್ಲಿತ್ತು. ವಿಮೆ ಕೆಟ್ಟದ್ದಾಗಿತ್ತೆಂದು ಇದರ ಅರ್ಥವಲ್ಲ. ಜನ ವಿಮೆಯನ್ನು ಬಿಡಲಿಲ್ಲ, ತಮ್ಮ ಪಕ್ಷವನ್ನೂ ಬಿಡಲಿಲ್ಲ.

ನಮ್ಮಲ್ಲಿ ಪೀಣ್ಯದ ಕಾರ್ಖಾನೆಯಲ್ಲಿರಲಿ, ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿರಲಿ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗುವವರಿಗೆ ಈ ಲೆಕ್ಕ ಹೊಸದೆನಿಸದು. 1948ರ ಇಎಸ್‌ಐ ಕಾಯ್ದೆಯಡಿ ರೂಪುಗೊಂಡ ಯೋಜನೆಯಲ್ಲಿ ಕಾಯಿಲೆಯ ಭತ್ಯೆ ವರ್ಷಕ್ಕೆ ಹೆಚ್ಚೆಂದರೆ 91 ದಿನ, ಅಂದರೆ ಅದೇ 13 ವಾರ. ಪ್ರಮಾಣ ಮಾತ್ರ ಕೂಲಿಯ ಶೇಕಡಾ 70. 2019ರಲ್ಲಿ ನಿಗದಿಯಾದ ವಂತಿಗೆ ಕಾರ್ಮಿಕನಿಂದ ಶೇಕಡಾ 0.75, ಮಾಲೀಕನಿಂದ 3.25. ಕೆಲಸದಲ್ಲಿ ಪೆಟ್ಟಾದರೆ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿಲ್ಲ ಎಂದು ಆ ಕಾಯ್ದೆಯ 53ನೆಯ ಕಲಮು ಹೇಳಿತು. ಬಿಸ್ಮಾರ್ಕ್ ಕಾಲದಲ್ಲಿ ದಾವೆಯ ಹಕ್ಕಿಗೆ ಬದಲಾಗಿ ಅಪಘಾತ ವಿಮೆಯ ವಂತಿಗೆಯನ್ನು ಮಾಲೀಕರೇ ಪೂರ್ತಿ ಹೊತ್ತರು. ನಮ್ಮಲ್ಲಿ ಕಾಯಿಲೆ, ಅಪಘಾತ ಎರಡಕ್ಕೂ ಒಂದೇ ನಿಧಿ. ಅದರಲ್ಲಿ ಕಾರ್ಮಿಕನ ಹಣವೂ ಸೇರಿದೆ.

ನಮಸ್ಕಾರ.