ಗೌಂಡಿಯ ಮಾತಿನಲ್ಲಿ ಒಂದು ತಕ್ಕಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಕೊಪ್ಪಳದ ನಮ್ಮ ಮನೆಯಲ್ಲಿ ಅಡುಗೆಮನೆ ಕಟ್ಟೆಗೆ ಕಲ್ಲು ಹಾಕಿಸಿದೆವು. ಗೌಂಡಿ ಕಲ್ಲಿನ ಮೇಲೆ ರಸಮಟ್ಟ ಇಟ್ಟು ಬಗ್ಗಿ ನೋಡಿದರು. ಗಾಜಿನೊಳಗಿನ ಗುಳ್ಳೆ ಎಡಕ್ಕೆ ಸರಿದಿತ್ತು. ಬಲಗಡೆ ಕಲ್ಲಿನಡಿ ಚೂರು ಸಿಮೆಂಟ್ ತುಂಬಿ, ಮೆಲ್ಲಗೆ ತಟ್ಟಿದರು. ಗುಳ್ಳೆ ನಡುವಿಗೆ ಬಂತು. “ಈಗ ಲೆವೆಲ್ ಆತ್ರಿ” ಅಂದರು.

ಆ ಲೆವೆಲ್ ಎಂಬ ಮಾತಿನೊಳಗೆ ಒಂದು ತಕ್ಕಡಿ ಇದೆ. ಹಳೆಯ ರೋಮ್‌ನ ಲ್ಯಾಟಿನ್ ಭಾಷೆಯಲ್ಲಿ ತಕ್ಕಡಿಗೆ ಲಿಬ್ರಾ ಎಂದು ಹೆಸರು. ಪುಟ್ಟ ತಕ್ಕಡಿ ಲಿಬೆಲ್ಲಾ. ಮಟ್ಟ ನೋಡುವ ಸಾಧನವನ್ನೂ ಅದೇ ಹೆಸರಿನಿಂದ ಕರೆದರು. ಅದು ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಲೆವೆಲ್ ಆಯಿತು, ಅಲ್ಲಿಂದ ನಮ್ಮ ಗೌಂಡಿಯ ಬಾಯಿಗೆ ಬಂತು.

ತಕ್ಕಡಿಯ ಹೆಸರೇ ತೂಕಕ್ಕೂ ಅಂಟಿಕೊಂಡಿತು. ರೋಮನ್ನರ ಒಂದು ಲಿಬ್ರಾ ಸುಮಾರು 327 ಗ್ರಾಂ. ಲಿಬ್ರಾ ಪೊಂಡೋ ಎನ್ನುತ್ತಿದ್ದರು, ಅಂದರೆ ತೂಕದಲ್ಲಿ ಒಂದು ಲಿಬ್ರಾ. ಇಂಗ್ಲಿಷಿನವರು ಮಾತಿಗೆ ಪೊಂಡೋ ಹಿಡಿದು ಪೌಂಡ್ ಅಂದರು. ಬರವಣಿಗೆಗೆ ಮಾತ್ರ ಲಿಬ್ರಾ ಉಳಿಯಿತು. ಪೌಂಡ್ ಎಂದು ಓದಿ ಎಲ್ ಬಿ ಎಂದು ಬರೆಯುವುದು ಎಷ್ಟು ಜನರನ್ನು ಕಾಡಿದೆ, ಅಲ್ವಾ? ಕಾರಣ ಇಷ್ಟೇ. ಬ್ರಿಟನ್ನಿನ ಹಣದ ಗುರುತೂ ಅಡ್ಡಗೆರೆ ಎಳೆದ ಲಿಬ್ರಾದ ಎಲ್. ಟರ್ಕಿಯ ಲಿರಾ, 2002ರವರೆಗೆ ನಡೆದ ಇಟಲಿಯ ಲಿರಾ, ಎರಡೂ ಅದರ ಮಕ್ಕಳೇ.

ಅಷ್ಟು ದೂರ ಯಾಕೆ, ನಮ್ಮೂರ ಪಕ್ಕದ ಭಾಗ್ಯನಗರದ ಮಗ್ಗಗಳನ್ನೇ ನೋಡಿ. ಹತ್ತಿ ನೂಲು ಎಷ್ಟು ಸಣ್ಣ ಎನ್ನಲು ಕೌಂಟ್ ಹೇಳುತ್ತಾರೆ. ಲಡಿ ಅಂದರೆ ನೂಲಿನ ಸುರುಳಿ. ತಲಾ 840 ಗಜದ 40 ಲಡಿ ಸೇರಿ ಒಂದು ಪೌಂಡ್ ತೂಗಿದರೆ ಅದು 40ರ ನೂಲು. ಅದೇ ತೂಕಕ್ಕೆ 80 ಲಡಿ ಬಂದರೆ 80ರ ನೂಲು, ಎಳೆ ಅಷ್ಟು ಸಣ್ಣ. ಈಗಿನ ಪೌಂಡ್ 453.6 ಗ್ರಾಂ. ನೂಲನ್ನು ಕಿಲೋ ಲೆಕ್ಕದಲ್ಲಿ ಕೊಂಡರೂ ಎಳೆಯ ನಯ ಹೇಳಲು ಆ ಹಳೆಯ ತೂಕವೇ ಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ. ಇಂಗ್ಲಿಷಿನ ಈಕ್ವಿಲಿಬ್ರಿಯಂ ಬಿಡಿಸಿದರೆ ಸಮ ಮತ್ತು ತಕ್ಕಡಿ. ನಮ್ಮ ಸಮತೋಲನದ ಕಟ್ಟೂ ಹಾಗೇ, ಸಮ ಮತ್ತು ತೂಗುವುದು. ಅವರ ಲಿಬ್ರಾ ರಾಶಿ ನಮ್ಮ ತುಲಾ ರಾಶಿ. ಯೋಚಿಸಿ ಮಾಡಿದ ಕೆಲಸಕ್ಕೆ ಅವರು ಡೆಲಿಬರೇಟ್ ಅನ್ನುತ್ತಾರೆ, ಅದರಲ್ಲೂ ಲಿಬ್ರಾ ಇದೆ. ನಮ್ಮ ಅಜ್ಜಿ ಅದನ್ನೇ “ಅಳೆದು ತೂಗಿ ಮಾತಾಡು” ಅನ್ನುತ್ತಿದ್ದರು.

ಹಂಪಿಗೆ ಹೋದರೆ ವಿಠ್ಠಲ ದೇವಸ್ಥಾನದ ಹತ್ತಿರದ ತುಲಾಭಾರದ ಕೆಳಗೆ ಒಂದು ಗಳಿಗೆ ನಿಲ್ಲಿ. ಎರಡು ಕಲ್ಲುಕಂಬ, ಮೇಲೊಂದು ಕಲ್ಲಿನ ತೊಲೆ. ತಕ್ಕಡಿ ಈಗ ಇಲ್ಲ. ಅದನ್ನು ತೂಗುಹಾಕುತ್ತಿದ್ದ ಬಳೆಗಳು ತೊಲೆಯಡಿ ಇನ್ನೂ ಇವೆ.

ನಮಸ್ಕಾರ.